ಮೂವತ್ತು ಬಾಟಲಿ, ಅಮ್ಮನ ಒಂದು ಪ್ರಶ್ನೆ

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಪ್ರಾಜೆಕ್ಟ್ ರಿಲೀಸು, ಆಮೇಲೆ ಬಳ್ಳಾರಿ ಬಿಸಿಲು.. ನೆಪಗಳಿಗೇನು ಬರ! ವರ್ಕ್ ಫ್ರಂ ಹೋಮ್ ಹೆಸರಲ್ಲಿ ಊರಿಗೆ ಬಂದು ಕೂತಿದ್ದೇನೆ. ಇವತ್ತಿನ ವಿಷಯ ಸ್ವಲ್ಪ ವಿಚಿತ್ರದ್ದು: ಮನೆಯಲ್ಲಿ ವೈನ್ ಮಾಡುವ ಕಿಟ್ ಆರಿಸುವುದು ಹೇಗೆ? ಹುಬ್ಬೇರಿಸಬೇಡಿ, ಪೂರ್ತಿ ಓದಿ :-)

ನನ್ನ ಹಾಸ್ಟೆಲ್ ರೂಮ್‌ಮೇಟ್ ಒಬ್ಬ ಇದ್ದಾನೆ. ಸಿರುಗುಪ್ಪದವನು, ತುಂಗಭದ್ರಾ ನೀರಿನಲ್ಲಿ ಭತ್ತ ಬೆಳೆಯುವ ಮನೆಯ ಹುಡುಗ. ಇಬ್ಬರೂ ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಓದಿದ್ದು. ಈಗ ಅವನು ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ದೋಸ್ತ, ವೈನ್ ಕಿಟ್ ತಗೋಬೇಕಲೇ. ಗಡುಸಾಗಿರೋ ಡ್ರೈ ರೆಡ್ ವೈನ್ ಬೇಕು. ಯಾವುದು ತಗೋಬೇಕು ಓದಿ ಹೇಳು" ಅಂದ. ಕಾಲೇಜಿನಲ್ಲೂ ಹೀಗೇ. ಲ್ಯಾಬ್ ರೆಕಾರ್ಡ್ ನಾನು ಬರೆಯಬೇಕು, ಸಹಿ ಅವನು ಹಾಕಿಸಿಕೊಳ್ಳಬೇಕು!

ಬೆಂಗಳೂರಿನಲ್ಲಿ ಗೆಳೆಯರ ಜೊತೆ ಒಂದೆರಡು ಗ್ಲಾಸು ರುಚಿ ನೋಡಿದ್ದು ಬಿಟ್ಟರೆ ನನಗೂ ಏನೂ ಗೊತ್ತಿರಲಿಲ್ಲ. ಓದುತ್ತಾ ಹೋದಂತೆ ಮಜಾ ಬಂತು.

ಮೊದಲು ಕಾನೂನು. ಅಲ್ಲಿ ಸ್ವಂತಕ್ಕೆ ವೈನ್ ಮಾಡಿಕೊಳ್ಳಬಹುದು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200. ಮಾರುವಂತಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಆದ್ದರಿಂದ ಇದನ್ನು ಓದಿ ಯಾರೂ ಅಟ್ಟದ ಮೇಲಿನ ಬಿಂದಿಗೆ ಇಳಿಸಬೇಡಿ.

ಕಿಟ್ ಅಂದರೆ ಒಂದು ಡಬ್ಬ. ಒಳಗೆ ದ್ರಾಕ್ಷಿ ರಸದ ಚೀಲ, ಯೀಸ್ಟ್, ಓಕ್ ಮರದ ಚೂರು, ವೈನ್ ತಿಳಿಯಾಗಿಸಲು ಬೆಂಟೊನೈಟ್ ಅನ್ನೋ ಜೇಡಿಮಣ್ಣು, ಕೆಡದಂತಿರಲು ಸಲ್ಫೈಟ್. ಸಾಮಾನ್ಯವಾಗಿ ನೀರು ಸೇರಿಸಿ 23 ಲೀಟರ್ ಮಾಡಬೇಕು. ಅಂದರೆ ಸುಮಾರು 30 ಬಾಟಲಿ. ಕೆಲವು ಕಿಟ್‌ನಲ್ಲಿ 10 ಲೀಟರ್ ಗಟ್ಟಿ ರಸ, ಕೆಲವಲ್ಲಿ 16-18 ಲೀಟರ್ ರಸ ಇರುತ್ತದೆ. ನೀರು ಕಡಿಮೆ ಬೇಡುವ ಕಿಟ್ಟೇ ಗಡುಸು ವೈನಿಗೆ ಒಳ್ಳೆಯದು.

ಅದಕ್ಕಿಂತ ಮುಖ್ಯ ಸಿಪ್ಪೆ. ಬಹುತೇಕ ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವೇ ಇಲ್ಲ. ಕೆಂಪೂ ಸಿಪ್ಪೆಯಿಂದಲೇ, ನಾಲಿಗೆ ಹಿಡಿಯುವ ಒಗರೂ ಹೆಚ್ಚಾಗಿ ಸಿಪ್ಪೆಯಿಂದಲೇ. ಹಾಗಾಗಿ ದ್ರಾಕ್ಷಿ ಸಿಪ್ಪೆಯ ಪೊಟ್ಟಣ ಇರುವ ಕಿಟ್ಟನ್ನೇ ತಗೋ ಅಂದೆ. ತಳಿ ಕ್ಯಾಬರ್ನೆ ಸೊವಿನ್ಯೋಂ. ಇದು ನಮಗೇನೂ ದೂರದ್ದಲ್ಲ, ಹಂಪಿ ಬೆಟ್ಟಗಳ ಸೀಮೆಯಲ್ಲೇ ಕೃಸ್ಮಾ ಎಸ್ಟೇಟ್ಸ್‌ನವರು ಬೆಳೆದು ವೈನ್ ಮಾಡುತ್ತಾರೆ.

ಇನ್ನು 'ಡ್ರೈ'. ಕುರುಗೋಡು ಸೀಮೆಯ ಒಣಮೆಣಸಿನಕಾಯಿ ನೋಡಿ ಬೆಳೆದ ನಾನು ಏನನ್ನೋ ಒಣಗಿಸುತ್ತಾರೆ ಅಂದುಕೊಂಡಿದ್ದೆ :-) ರಸದ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದರೆ ಅದು ಡ್ರೈ. ಕೊನೆಗೆ ಸಿಹಿ ಸೇರಿಸುವ ಪೊಟ್ಟಣ ಇರುವ ಕಿಟ್ ಬೇಡ. ಹೈಡ್ರೋಮೀಟರ್‌ನಲ್ಲಿ ಶುರುವಿಗೆ 1.090ರ ಆಸುಪಾಸು ಇದ್ದದ್ದು 0.996 ಅಥವಾ ಕೆಳಗಿಳಿದು, ಎರಡು ಮೂರು ದಿನ ಅಲ್ಲೇ ನಿಂತರೆ ಕೆಲಸ ಮುಗಿದಂತೆ. ಸೆಕೆ ಜಾಸ್ತಿಯಾದರೆ ಯೀಸ್ಟ್ ಸೋಲುತ್ತದೆ, 20ರಿಂದ 25 ಡಿಗ್ರಿ ಇದ್ದರೆ ಒಳ್ಳೆಯದು. ಡಲ್ಲಾಸ್ ಬಿಸಿಲು ಬಳ್ಳಾರಿಗೇನು ಕಡಿಮೆ ಇಲ್ಲ, ಆದರೆ ಅವನ ಮನೆಯಲ್ಲಿ ಎಸಿ ಇದೆ. ಕೊನೆಯದು ತಾಳ್ಮೆ. ಆರೆಂಟು ವಾರಕ್ಕೆ ಬಾಟಲಿಗೆ ತುಂಬಬಹುದು, ಆದರೆ ಇಂಥ ವೈನ್‌ನ ಒಗರು ಹದಕ್ಕೆ ಬರಲು ವರ್ಷವೇ ಬೇಕು.

ಇದನ್ನೆಲ್ಲ ಪಡಸಾಲೆಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಅವನಿಗೆ ಪಾಠ ಮಾಡುತ್ತಿದ್ದೆ. ಅಮ್ಮ ಅಲ್ಲೇ ಅಕ್ಕಿ ಹಸನು ಮಾಡುತ್ತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದಳು.

"ಎಷ್ಟು ಬಾಟ್ಲಿ ಆಗ್ತಾವಪಾ?"

"ಮೂವತ್ತು. ಆದ್ರೆ ಒಂದು ವರ್ಷ ಹಂಗೇ ಇಡಬೇಕಮ್ಮಾ."

"ಮನ್ಯಾಗ ಅವನೊಬ್ಬನೇ ಇರ್ತಾನಾ?"

"ಹೂಂ."

ಅಮ್ಮ ಮತ್ತೇನೂ ಅನ್ನಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು.

ನಮ್ಮ ದೊಡ್ಡಪ್ಪ ಕುರುಗೋಡಿನಲ್ಲಿದ್ದ. ದೊಡ್ಡಬಸವೇಶ್ವರ ಜಾತ್ರೆಯಲ್ಲಿ ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿ, ಗುಡಿಯಿಂದ ಸ್ವಲ್ಪ ದೂರ ಹೋಗಿ ಸಾರಾಯಿ ಪ್ಯಾಕೆಟ್ಟನ್ನು ಹಲ್ಲಲ್ಲಿ ಹರಿಯುತ್ತಿದ್ದ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಿತು. ನಾನಾಗ ಸಣ್ಣವನು. ದೊಡ್ಡಮ್ಮ ಬಸವಣ್ಣನಿಗೆ ಕಾಯಿ ಒಡೆಸಿ ಬಂದಿದ್ದಳು. ದೊಡ್ಡಪ್ಪ ಅಂಗಡಿ ಬದಲಿಸಿದ, ಅಷ್ಟೇ. ಎರಡು ವರ್ಷದಲ್ಲಿ ಲಿವರ್ ಹೋಗಿ ತೀರಿಕೊಂಡ. ಕಡೆಕಡೆಗೆ ದೊಡ್ಡಮ್ಮ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿಬಿಟ್ಟಿದ್ದಳು. ಮನೆಯಲ್ಲಿ ಅವನೊಬ್ಬನೇ ಇದ್ದ.

ಸಾರಾಯಿ ಬೇರೆ, ವೈನ್ ಬೇರೆ ಅಂತ ಅಮ್ಮನ ಹತ್ತಿರ ವಾದ ಮಾಡಬಹುದಿತ್ತು. ಮಾಡಲಿಲ್ಲ. ಎರಡು ವಾರ ಕೂತು ರಸ, ಸಿಪ್ಪೆ, ಓಕ್, ಡಿಗ್ರಿ ಎಲ್ಲ ಲೆಕ್ಕ ಹಾಕಿದ್ದೆ. ಕುಡಿಯೋರು ಎಷ್ಟು ಜನ ಅನ್ನೋ ಕಾಲಮ್ಮೇ ನನ್ನ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ.

ರಾತ್ರಿ ಅವನಿಗೆ ಫೋನ್ ಮಾಡಿ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಇಲ್ಲಿ ಭಾಳ ಕಷ್ಟ ಐತಲೇ" ಅಂದ. ಆರು ವರ್ಷದ ದೋಸ್ತಿಯಲ್ಲಿ ಅವನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ಅವತ್ತು ವೈನ್ ಬಗ್ಗೆ ಮತ್ತೆ ಮಾತಾಡಲಿಲ್ಲ. ಫೋನ್ ಇಟ್ಟಾಗ ನಮ್ಮಲ್ಲಿ ಒಂದೂವರೆ ಗಂಟೆ ರಾತ್ರಿ.

ಕಿಟ್ ತಗೊಂಡ, ಅದೇ ಸಿಪ್ಪೆಯದ್ದು. ಆದರೆ ಆಫೀಸಿನ ಇನ್ನೆರಡು ಮನೆಯವರ ಜೊತೆ ಸೇರಿ, ತಲಾ ಹತ್ತು ಬಾಟಲಿ. ಬಕೆಟ್ ಕೂಡ ಮಕ್ಕಳು ಮರಿ ಇರುವ ಒಬ್ಬರ ಮನೆಯಲ್ಲೇ ಇದೆ. ಸಿಪ್ಪೆ ಕದಡುವ ನೆಪದಲ್ಲಿ ದಿನಾ ಸಂಜೆ ಅಲ್ಲಿಗೆ ಹೋಗಿ ಊಟ ಮುಗಿಸಿಯೇ ಬರುತ್ತಾನಂತೆ. ಮೊನ್ನೆ ಹೈಡ್ರೋಮೀಟರ್ ಫೋಟೋ ಕಳಿಸಿದ್ದ, 1.020.

ಅಮ್ಮನಿಗೆ ತೋರಿಸಿದೆ. ಫೋಟೋ ಸರಿಯಾಗಿ ನೋಡಲೇ ಇಲ್ಲ. "ಹುಡುಗ ಉಂಡನಂತಾ?" ಅಂದಳು.