ಆನೆಗೊಂದಿಯ ಆನೆ

ಮಿರಗದ ಮಳೆ ಹೊಡೆದ ಮರುದಿನ ಆನೆಗೊಂದಿ ಸುತ್ತಿನ ಹೊಲದ ಬದುವಿನ ಮೇಲೆ ನೆಲ ನೋಡುತ್ತ ನಡೆಯುವುದು ಹೈಸ್ಕೂಲಿನ ದಿನಗಳಿಂದ ನನಗೆ ಹತ್ತಿದ ಹುಚ್ಚು. ನೀರು ಮೇಲ್ಮಣ್ಣು ಒಯ್ದ ಕಡೆ ಗಡಿಗೆ ಚೂರು, ಬಳೆ ಚೂರು. ಅವುಗಳ ನಡುವೆ ಒಂದು ಸಲ ಹುಣಸೆಬೀಜದಷ್ಟು ದೊಡ್ಡ, ಹಸಿರುಗಟ್ಟಿದ ತಾಮ್ರದ ಬಿಲ್ಲೆ ಸಿಕ್ಕಿತು. ಮನೆಗೆ ಓಡಿದವನೇ ದೇವರ ತಂಬಿಗೆ ಬೆಳಗುವ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಒಂದು ಮಗ್ಗುಲಲ್ಲಿ ಆನೆ ಎದ್ದು ನಿಂತಿತು. ಇನ್ನೊಂದು ಮಗ್ಗುಲಿನ ನಾಗರಿ ಅಕ್ಷರ ಬೂದಿಯ ಜೊತೆಗೇ ಹೋಯಿತು.

ಆ ಕಿಲುಬೇ ಅಷ್ಟು ಶತಮಾನ ಅಕ್ಷರಗಳನ್ನು ಕಾದಿತ್ತೆಂದು ಆಗ ಗೊತ್ತಿರಲಿಲ್ಲ. ಆನೆಯ ಕಾಸಿಗೆ ಹೆಸರಾದವರು ವಿಜಯನಗರದ ದೇವರಾಯರು. ಒಂದನೆಯವನೋ ಎರಡನೆಯವನೋ ಎಂದು ಹೇಳಬಹುದಾಗಿದ್ದ ಸಾಕ್ಷಿಯನ್ನು ನನ್ನ ಕೈಯೇ ಅಳಿಸಿತು. ಆ ನೋವು ಇಂದಿಗೂ ಇದೆ.

ಚಿನ್ನದ ವರಹದ ಗತ್ತೇ ಬೇರೆ. ತೂಕ ಸುಮಾರು 3.4 ಗ್ರಾಂ. ಮೊದಲ ಅರಸರಾದ ಹರಿಹರ, ಬುಕ್ಕರ ನಾಣ್ಯಗಳ ಮೇಲೆ ಹನುಮನಿದ್ದಾನೆ. ದಿನವೂ ಅಂಜನಾದ್ರಿ ನೋಡುವ ನಮಗೆ ಅವನು ಮನೆಯವನೇ. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. ಆದರೂ ನನ್ನ ಒಲವು ತಾಮ್ರದ ಕಡೆಗೇ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಲೆಕ್ಕ ಬರೆದಿಟ್ಟಿದ್ದಾನೆ: ಒಂದು ಹಣಕ್ಕೆ ಆರು ಬೆಳ್ಳಿಯ ತಾರ, ತಾರಕ್ಕೆ ಮೂರು ತಾಮ್ರದ ಜಿತಲ್. (ಈಗ ಸಂಪತ್ತಿಗೆಲ್ಲ ಹೆಸರಾದ ಹಣ ಆಗ ಬೆರಳ ತುದಿಗೆ ಅಂಟುವಂಥ ಪುಟ್ಟ ಚಿನ್ನದ ನಾಣ್ಯ.) ವರಹ ಮುಡಿಪಿಗೆ, ಭಂಡಾರಕ್ಕೆ. ಉಪ್ಪಿಗೆ, ಎಲೆ ಅಡಿಕೆಗೆ ತಾಮ್ರ. ಸಂತೆಗೆ ಹೊರಟ ಯಾವಳೋ ತಾಯಿಯ ಸೆರಗಿನ ಗಂಟಿನಿಂದ ಈ ಆನೆ ಜಾರಿರಬೇಕು ಎಂದು ನಾನು ನಂಬಿದ್ದೇನೆ.

ಹಂಪಿ ಕಡೆ ರಾಮ ಪಟ್ಟಾಭಿಷೇಕದ ಹಿತ್ತಾಳೆ ಬಿಲ್ಲೆಗಳನ್ನು ರಾಯರ ಕಾಲದವೆಂದು ಮಾರುವುದುಂಟು. ಅವು ಪೂಜೆಯ ರಾಮಟಂಕೆಗಳು, ಚಲಾವಣೆಯ ನಾಣ್ಯಗಳಲ್ಲ. ಅದಕ್ಕಿಂತ ಸಂಕಟ ನಿಜವಾದದ್ದು ಕೈಗೆ ಬಂದಾಗ. ಒಮ್ಮೆ ಕುಷ್ಟಗಿ ಸಂತೆಯಲ್ಲಿ ಹಿರಿಯರೊಬ್ಬರು ರುಮಾಲಿನ ಗಂಟು ಬಿಚ್ಚಿ ವರಹ ತೋರಿಸಿದರು.

“ಎಲ್ಲಿ ಸಿಕ್ತು ಯಜ್ಜಾ?”

“ಅದನ್ನ ಕೇಳಬ್ಯಾಡ ತಮ್ಮಾ. ತಗೊಂತೀಯೋ, ಪತ್ತಾರಗ ಕೊಡ್ಲೋ?”

ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ತಿಳಿಸಿದರೆ ಹೊಲ ಹೋದೀತೆಂಬ ಅಂಜಿಕೆ ಅದಕ್ಕಿಂತ ಹಳೆಯದು. ಆ ಅಂಜಿಕೆ ಎಷ್ಟು ಹನುಮರನ್ನು ಮೂಸೆಗೆ ಹಾಕಿದೆಯೋ! ನಾನು ಕೊಳ್ಳಲಿಲ್ಲ. ಊರು, ಹೊಲ, ಜೊತೆಗೆ ಸಿಕ್ಕ ಮಡಕೆ, ಇವೆಲ್ಲ ಕಳಚಿದ ಮೇಲೆ ಅದು ಬರೀ ಬಂಗಾರ. ತಹಶೀಲ್ದಾರರ ಕಚೇರಿಗೆ ನಾನೇ ಜೊತೆ ಬರುತ್ತೇನೆಂದೆ. ಅಜ್ಜ ಗಂಟು ಕಟ್ಟಿಕೊಂಡು ಎದ್ದುಹೋದರು.

ನನ್ನ ಆನೆ ಈಗ ಕಾಗದದ ಪೊಟ್ಟಣದಲ್ಲಿದೆ. ಮೇಲೆ ಬರೆದದ್ದು: ಆನೆಗೊಂದಿ, ಮೂಡಲ ಬದು, ಮಳೆಯ ಮರುದಿನ. ಅರಸನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.