ಬಲ್ಲಾರ್ಡ್ ಎಸ್ಟೇಟಿನ ಹಿಂಬಾಗಿಲು

ಸಿಎಸ್‌ಎಂಟಿಯಲ್ಲಿ ಇಳಿದು ಜಿಪಿಓ ಬದಿಯಿಂದ ಹೊರಬಿದ್ದು ಸಮುದ್ರದ ದಿಕ್ಕಿಗೆ ಹತ್ತು ನಿಮಿಷ ನಡೆದರೆ ಮುಂಬಯಿಯ ಸದ್ದು ಒಮ್ಮೆಲೇ ತಗ್ಗುತ್ತದೆ. ಅಗಲವಾದ ರಸ್ತೆಗಳು, ಎರಡೂ ಬದಿಗೆ ಮರಗಳು, ಒಂದೇ ಎತ್ತರಕ್ಕೆ ನಿಂತ ಕಲ್ಲಿನ ಕಟ್ಟಡಗಳು. ಇದೇ ಬಲ್ಲಾರ್ಡ್ ಎಸ್ಟೇಟ್. ಅಲೆಕ್ಸಾಂಡ್ರಾ ಡಾಕ್, ಅಂದರೆ ಈಗಿನ ಇಂದಿರಾ ಡಾಕ್, ಅಗೆದಾಗ ಬಂದ ಮಣ್ಣು ಕಲ್ಲುಗಳನ್ನು ಸಮುದ್ರಕ್ಕೆ ತುಂಬಿ ಮಾಡಿದ ನೆಲ. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ ಅವರೇ ಇದರ ವಿನ್ಯಾಸವನ್ನೂ ಮಾಡಿದವರು. ವಿಲಾಯತಿಯಿಂದ ಹಡಗಿನಲ್ಲಿ ಬಂದವರು ಬಲ್ಲಾರ್ಡ್ ಪಿಯರ್‌ನಲ್ಲಿ ಇಳಿದು ಅಲ್ಲಿಂದಲೇ ಫ್ರಂಟಿಯರ್ ಮೇಲ್ ಹತ್ತುತ್ತಿದ್ದ ಕಾಲವೊಂದಿತ್ತು. ಈಗ ಹಡಗು ಕಂಪನಿಗಳ ಕಚೇರಿಗಳು, ವಕೀಲರು, ಲೆಕ್ಕಪರಿಶೋಧಕರು, ಮಧ್ಯಾಹ್ನ ಬ್ರಿಟಾನಿಯಾದ ಮುಂದೆ ಬೆರ್ರಿ ಪುಲಾವಿಗಾಗಿ ಸಾಲು ನಿಲ್ಲುವ ಜನ.

ಹದಿನಾಲ್ಕು ವರ್ಷ ಡೊಂಬಿವಲಿಯಲ್ಲಿದ್ದೂ ನಾನು ಈ ಜಾಗವನ್ನು ಸರಿಯಾಗಿ ನೋಡಿರಲಿಲ್ಲ. ನನ್ನ ಮುಂಬಯಿ ಎಂದರೆ ಡೊಂಬಿವಲಿ, ಐರೋಲಿಯ ಆಫೀಸು, ವರ್ಷಕ್ಕೆ ನಾಲ್ಕು ಸಲ ಮಾಟುಂಗಾ. ಕಳೆದ ವರ್ಷ ಜೂನ್‌ನಲ್ಲಿ ಕೆಲಸದ ಮೇಲೆ ಇಲ್ಲಿಗೆ ಬರಬೇಕಾಯಿತು, ಮಳೆ ಮುಗಿಯುವ ತನಕ ಬರುತ್ತಲೇ ಇದ್ದೆ.

ಕೆಲಸ ಇಷ್ಟು: ನೂರು ವರ್ಷ ದಾಟಿದ ಐದು ಮಹಡಿಯ ಕಟ್ಟಡ, ಇಪ್ಪತ್ತಕ್ಕೂ ಹೆಚ್ಚು ಕಚೇರಿಗಳು, ಹನ್ನೊಂದು ಬಾಗಿಲುಗಳಿಗೆ ಕಾರ್ಡು ತೋರಿಸಿ ತೆರೆಯುವ ವ್ಯವಸ್ಥೆ. ಅದನ್ನು ಹಾಕಿ ಸುಮಾರು ಹದಿನೆಂಟು ವರ್ಷ. ಈಗ ಕಾರ್ಡಿನ ಬದಲು ಮೊಬೈಲು ತೋರಿಸಿದರೆ ಬಾಗಿಲು ತೆರೆಯಬೇಕು. ಆದರೆ ಗೋಡೆ ಕೊರೆಯುವಂತಿಲ್ಲ, ಪ್ಯಾನೆಲ್ ಬದಲಿಸಲು ದುಡ್ಡಿಲ್ಲ. ಪಾರಂಪರಿಕ ಕಟ್ಟಡದ ಕಲ್ಲಿಗೆ ಹೊಸ ತೂತು ಮಾಡಬೇಕಾದರೆ ಬೇಕಾಗುವ ಅನುಮತಿಗಳ ಮಾತೆತ್ತಿದರೆ ಕಟ್ಟಡದ ಸಮಿತಿಯವರು ಕೈ ಮುಗಿಯುತ್ತಿದ್ದರು.

ಮೊದಲ ದಿನವೇ ಪ್ರವೇಶದ ಮೇಜಿನ ಹಿಂದೆ ಕೂತವರು ನನ್ನ ಫೋನಿನ ಮಾತು ಕೇಳಿಸಿಕೊಂಡು, "ಕನ್ನಡದವ್ರಾ ಸರ್? ಯಾವೂರು?" ಅಂದರು. ಹೊಸನಗರ ಅಂದೆ. "ಹೌದಾ ಮಾರಾಯ್ರೆ! ಘಾಟಿ ಇಳಿದ್ರೆ ನಮ್ಮೂರೇ ಅಲ್ವಾ, ಬೈಂದೂರು!" ಅಷ್ಟಕ್ಕೇ ಚಹಾ ಬಂತು. ಅಂದಿನಿಂದ ನಾನು ಅವರನ್ನು ಅಣ್ಣ ಎಂದೇ ಕರೆದದ್ದು. ಅವರು ಮಾತ್ರ ಕೊನೆಯ ತನಕ ಸರ್ ಬಿಡಲಿಲ್ಲ.

ಅಣ್ಣ 1980ರಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಫೋರ್ಟಿನ ಹೋಟೆಲೊಂದಕ್ಕೆ ಲೋಟ ತೊಳೆಯಲು ಬಂದವರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಫೋರ್ಟಿನ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಕರಾವಳಿಯ ಹುಡುಗರ ಕಥೆಗಳು ನಮ್ಮ ಓದುಗರಿಗೆ ಹೊಸತಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಈ ಕಟ್ಟಡಕ್ಕೆ ಲಿಫ್ಟ್‌ಮನ್ ಆಗಿ ಸೇರಿದರು. ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟು ಹೋಗಿ ಗುಂಡಿ ಒತ್ತುವ ಲಿಫ್ಟು ಬಂದಾಗ ಅವರನ್ನು ಬಾಗಿಲ ಮೇಜಿಗೆ ಕೂರಿಸಿದರು. "ಲಿಫ್ಟಿಗೆ ಗುಂಡಿ ಬಂತು, ನಾನು ಇಲ್ಲಿಗೆ ಬಂದೆ. ಈಗ ಬಾಗಿಲಿಗೆ ಮೊಬೈಲ್ ಬರ್ತದೆ. ನನ್ನನ್ನು ಇನ್ನೆಲ್ಲಿಗೆ ಕಳಿಸ್ತೀರಿ?" ಅಂದರು. ನಗುತ್ತಲೇ ಅಂದದ್ದು. ನಾನು ಉತ್ತರ ಕೊಡಲಿಲ್ಲ.

ಈ ಹಳೆಯ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಬಾಗಿಲ ಪಕ್ಕದ ಕಪ್ಪು ಡಬ್ಬಿ ರೀಡರ್. ಅದು 125 ಕಿಲೋಹರ್ಟ್ಸ್‌ನ ಅಲೆ ಬಿಡುತ್ತಿರುತ್ತದೆ. ಕಾರ್ಡಿನೊಳಗೆ ಬ್ಯಾಟರಿ ಇಲ್ಲ, ಆ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ. ರೀಡರ್ ಆ ಸಂಖ್ಯೆಯನ್ನು ತೆಳು ತಂತಿಗಳ ಮೂಲಕ ಒಳಗಿನ ಪ್ಯಾನೆಲ್‌ಗೆ ಕಳಿಸುತ್ತದೆ. ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪ್ಯಾನೆಲ್, ರೀಡರ್ ಅಲ್ಲ. ಈ ತಂತಿಯ ಭಾಷೆಗೆ ವೀಗಂಡ್ ಎಂದು ಹೆಸರು. ಜಾನ್ ವೀಗಂಡ್ ಎಂಬವರು ಕಂಡುಹಿಡಿದ ವಿಶೇಷ ಕಾಂತೀಯ ತಂತಿಯ ಕಾರ್ಡುಗಳ ಕಾಲದಿಂದ ಬಂದ ಹೆಸರು ಅದು. ಆ ಕಾರ್ಡುಗಳು ಹೋದವು, ಹೆಸರು ಉಳಿಯಿತು. ಒಂದು ತಂತಿಯ ಮೇಲೆ ಮಿಡಿದರೆ ಸೊನ್ನೆ, ಇನ್ನೊಂದರ ಮೇಲೆ ಮಿಡಿದರೆ ಒಂದು. ಹೆಚ್ಚಿನ ಕಡೆ ಒಟ್ಟು 26 ಬಿಟ್‌ಗಳು: ತಪ್ಪು ಹಿಡಿಯಲು ಎರಡು, ಕಟ್ಟಡದ ಗುರುತಿಗೆ ಎಂಟು, ಕಾರ್ಡಿನ ಸಂಖ್ಯೆಗೆ ಹದಿನಾರು. ಅಷ್ಟರಲ್ಲೇ ಮನುಷ್ಯನ ಪರಿಚಯ ಮುಗಿಯಿತು.

ಮೊಬೈಲಿಗೆ 125 ಕಿಲೋಹರ್ಟ್ಸ್ ಬರುವುದಿಲ್ಲ. ಅದರ ಎನ್‌ಎಫ್‌ಸಿ ಮಾತಾಡುವುದು 13.56 ಮೆಗಾಹರ್ಟ್ಸ್‌ನಲ್ಲಿ, ಬ್ಲೂಟೂತ್ 2.4 ಗಿಗಾಹರ್ಟ್ಸ್‌ನಲ್ಲಿ. ಹಾಗಾಗಿ ಹಳೆಯ ಡಬ್ಬಿ ಕಿತ್ತು, ಅದೇ ತೂತುಗಳಿಗೆ, ಅದೇ ತಂತಿಗಳಿಗೆ ಹೊಸ ರೀಡರ್ ಕೂರಿಸುವುದು ದಾರಿ. ಹೊಸದು ಹೊರಗೆ ಫೋನಿನೊಂದಿಗೆ ಗುಟ್ಟಿನ ಭಾಷೆಯಲ್ಲಿ ವ್ಯವಹರಿಸಿ, ಒಳಗೆ ಪ್ಯಾನೆಲ್‌ಗೆ ಹಳೆಯ 26 ಬಿಟ್‌ಗಳನ್ನೇ ಹೇಳುತ್ತದೆ. ಎದುರಿಗಿದ್ದದ್ದು ಕಾರ್ಡೋ ಫೋನೋ ಪ್ಯಾನೆಲ್‌ಗೆ ತಿಳಿಯುವುದೇ ಇಲ್ಲ. ನಾವು ಲೋಕಲ್ ಟ್ರೈನಿನಲ್ಲಿ ಮರಾಠಿ ಹಿಂದಿ ಮಾತಾಡಿ ಮನೆ ಹೊಸ್ತಿಲು ದಾಟುತ್ತಲೇ ಹವ್ಯಕ ಕನ್ನಡಕ್ಕೆ ಇಳಿಯುವುದಿಲ್ಲವೇ, ಹಾಗೆ. ಇದರಲ್ಲಿ ಒಂದು ಕೊರತೆಯೂ ಇದೆ. ಹೊರಗಿನ ಮಾತು ಎಷ್ಟೇ ಭದ್ರವಾಗಿರಲಿ, ಒಳಗಿನ ವೀಗಂಡ್ ತಂತಿಯಲ್ಲಿ ಗೂಢಲಿಪಿ ಇಲ್ಲ. ರೀಡರ್ ಬಿಚ್ಚಿ ಕದ್ದು ಕೇಳಬಲ್ಲವನು ಕೇಳಬಹುದು. ಓಎಸ್‌ಡಿಪಿ ಎಂಬ ಹೊಸ ಪದ್ಧತಿಯಲ್ಲಿ ಅದಕ್ಕೆ ಪರಿಹಾರವಿದೆ, ಆದರೆ ಈ ಕಟ್ಟಡದ ಪ್ಯಾನೆಲ್‌ಗೆ ಅದು ಗೊತ್ತಿರಲಿಲ್ಲ. ಇದನ್ನು ಸಮಿತಿಗೆ ಬರೆದುಕೊಟ್ಟೆ. ಮುಂದಿನ ವರ್ಷ ನೋಡೋಣ ಅಂದರು.

ಮೂರನೆಯ ಮಹಡಿಯ ಕೊನೆಯ ಬಾಗಿಲು ಎರಡು ದಿನ ತಿಂದಿತು. ಹೊಸ ರೀಡರ್ ಹಾಕಿದರೆ ಸುಮ್ಮನಿದ್ದಾಗ ಸರಿ, ಫೋನು ಹಿಡಿದ ಕೂಡಲೇ ಆರಿ ಮತ್ತೆ ಹತ್ತುತ್ತಿತ್ತು. ಸಾಫ್ಟ್‌ವೇರ್ ತಪ್ಪು ಎಂದು ನಾನು, ರೀಡರ್ ಹಾಳು ಎಂದು ತಂತಿ ಎಳೆಯುವ ಹುಡುಗ. ಕೊನೆಗೆ ಮೀಟರ್ ಇಟ್ಟರೆ, ನೆಲಮಹಡಿಯಲ್ಲಿ ಹೊರಟ 12 ವೋಲ್ಟ್ ಅಲ್ಲಿಗೆ ಮುಟ್ಟುವಾಗ 9ಕ್ಕಿಂತ ಕೆಳಗೆ. ಹೊಸ ರೀಡರಿಗೆ ಹಸಿವು ಹೆಚ್ಚು, ಹಳೆಯ ತಂತಿ ತೆಳುವು, ದೂರ ಬೇರೆ. ಆ ಬಾಗಿಲಿನ ಹತ್ತಿರವೇ ಬೇರೆ ಪವರ್ ಸಪ್ಲೈ ಇಟ್ಟು, ಅದರ ಗ್ರೌಂಡನ್ನು ಪ್ಯಾನೆಲ್‌ನ ಗ್ರೌಂಡಿಗೆ ಜೋಡಿಸಿದ ಮೇಲೆ ಸರಿಯಾಯಿತು. ಎಂ.ಟೆಕ್. ಮಾಡಿದವನಿಗೆ ಓಮ್ಸ್ ಲಾ ನೆನಪಾಗಲು ಎರಡು ದಿನ ಬೇಕಾಯಿತು ಎಂದು ಹೆಂಡತಿ ಈಗಲೂ ನಗುತ್ತಾಳೆ.

ನಿಜವಾದ ಕಷ್ಟ ಬೇರೆ ಇತ್ತು. ಹಳೆಯ ಕಂಪ್ಯೂಟರಿನಲ್ಲಿ ಸಾವಿರದ ನೂರಕ್ಕೂ ಹೆಚ್ಚು ಕಾರ್ಡುಗಳು ಚಾಲ್ತಿಯಲ್ಲಿದ್ದವು, ಕಟ್ಟಡದಲ್ಲಿ ದಿನಾ ಬರುವವರು ನಾನೂರು. ಫೋನಿಗೆ ಬದಲಿಸುವ ಮೊದಲು ಯಾರು ಇದ್ದಾರೆ ಯಾರು ಇಲ್ಲ ಎಂದು ತಿಳಿಯಬೇಕು. ಕಚೇರಿಗಳಿಗೆ ಮೇಲ್ ಕಳಿಸಿದೆ, ಅರ್ಧದಷ್ಟು ಕಡೆಯಿಂದ ಉತ್ತರವೇ ಇಲ್ಲ. ಕೊನೆಗೆ ಮೂರು ಸಂಜೆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಓದುತ್ತಾ ಹೋದೆ.

ಅದೊಂದು ಅನುಭವ. "ಅವ್ರು ದುಬೈಗೆ ಹೋದ್ರು." "ಇವ್ರ ಕಂಪೆನಿಯೇ ಬಿಕೆಸಿಗೆ ಹೋಯ್ತು." "ಈ ಹುಡುಗಿ ಮದುವೆ ಆಗಿ ಪುಣೆ. ನನಗೆ ಲಾಡು ಕೊಟ್ಟು ಹೋಗಿದ್ಲು." "ಇವ್ರು ಕೊರೋನಾದಲ್ಲಿ." ಕೊರೋನಾದಲ್ಲಿ ಎಂದ ಮೇಲೆ ವಾಕ್ಯ ಮುಂದುವರಿಯುತ್ತಿರಲಿಲ್ಲ. ಯಾರು ಎಡಗೈಯಲ್ಲಿ ಕಾರ್ಡು ತೋರಿಸುತ್ತಿದ್ದರು, ಯಾರು ಪರ್ಸು ಹೊರಗೆ ತೆಗೆಯದೆ ಪ್ಯಾಂಟಿನ ಹಿಂಭಾಗವನ್ನೇ ರೀಡರಿಗೆ ತಾಗಿಸುತ್ತಿದ್ದರು, ಎಲ್ಲ ಅವರಿಗೆ ನೆನಪು. ಕೆಳಗೆ ರಸ್ತೆಯಲ್ಲಿ ಮಳೆ, ಹಳೆಯ ಎಲೆಗಳ ವಾಸನೆ, ನಾವಿಬ್ಬರು ಇಲ್ಲದವರ ಪಟ್ಟಿ ಮಾಡುತ್ತಿದ್ದೆವು.

ಮೂರನೆಯ ಸಂಜೆ 412ನೇ ಸಂಖ್ಯೆ ಬಂತು. ಹಡಗು ಕಂಪನಿಯೊಂದರ ಅಕೌಂಟೆಂಟ್. "ತೀರಿಕೊಂಡ್ರು, 2021ರಲ್ಲಿ," ಅಂದ ಅಣ್ಣ ಸ್ವಲ್ಪ ತಡೆದು, "ಆದ್ರೆ ಸರ್, ಅದೊಂದು ಈಗ ತೆಗೆಯುದು ಬೇಡ," ಅಂದರು. ಗಂಟೆ ಏಳೂವರೆ ಆಗಿತ್ತು, ಫಾಸ್ಟ್ ಲೋಕಲ್ ತಪ್ಪಿದರೆ ಮನೆ ಸೇರುವುದು ಹತ್ತಕ್ಕೆ. "ತೀರಿಕೊಂಡವರ ಕಾರ್ಡು ಯಾಕಣ್ಣ?" ಎಂದು ನಾನು ಅಳಿಸುವ ಗುಂಡಿ ಒತ್ತಿದೆ. ಅವರು ಮತ್ತೆ ಏನೂ ಹೇಳಲಿಲ್ಲ. ಕೊನೆಯ ಬಾರಿ ಬಳಸಿದ ದಿನಾಂಕದ ಕಾಲಮ್ಮು ಪರದೆಯ ಬಲತುದಿಯಲ್ಲೇ ಇತ್ತು. ನಾನು ನೋಡಿರಲಿಲ್ಲ.

ಬುಧವಾರ ನಾನು ಬಂದಾಗ ಮೆಟ್ಟಿಲ ಮೇಲೆ ಕೆಸರಿನ ಹೆಜ್ಜೆಗಳು, ಎರಡನೇ ಮಹಡಿಯ ವಕೀಲರು ಕಸದ ಬುಟ್ಟಿ ತೋರಿಸಿ ರೇಗುತ್ತಿದ್ದರು. ಗುಡಿಸುವ ಮಾವಶಿ ಎರಡು ದಿನದಿಂದ ಬಂದಿಲ್ಲ. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಾವಶಿ ಮಾನಖುರ್ದ್‌ನಿಂದ ಹಾರ್ಬರ್ ಲೈನಿನಲ್ಲಿ ಬಂದು ಆರಕ್ಕೆ ಮೊದಲೇ ಹಿಂದಿನ ಓಣಿಯ ಬಾಗಿಲಿನಿಂದ ಒಳಗೆ ಬರುವವರು. ಅಲ್ಲಿ ಕಾವಲಿಲ್ಲ, ರೀಡರ್ ಮಾತ್ರ. ಅವರನ್ನು ನೇಮಿಸಿದ ಗುತ್ತಿಗೆದಾರರು ಕಾರ್ಡಿಗೆ ಮುನ್ನೂರು ರೂಪಾಯಿ ಠೇವಣಿ ಕೇಳಿದ್ದರಂತೆ. ಆಗ ಅಣ್ಣ ಮೇಜಿನ ಡ್ರಾಯರಿನಲ್ಲಿದ್ದ, ತೀರಿಕೊಂಡವರ ಮನೆಯವರು ತಂದುಕೊಟ್ಟಿದ್ದ ಕಾರ್ಡನ್ನು ಕೊಟ್ಟಿದ್ದರು. ಸೋಮವಾರ ಮಳೆಯಲ್ಲಿ ಮಾವಶಿ ಕಾರ್ಡು ತೋರಿಸಿದ್ದಾರೆ, ಕೆಂಪು ದೀಪ. ಮತ್ತೆ ತೋರಿಸಿದ್ದಾರೆ, ಕೆಂಪು. ತನ್ನನ್ನು ಕೆಲಸದಿಂದ ತೆಗೆದಿದ್ದಾರೆ ಎಂದುಕೊಂಡು ಯಾರನ್ನೂ ಕೇಳದೆ ವಾಪಸು ಹೋಗಿಬಿಟ್ಟಿದ್ದಾರೆ.

ನಾನು ಹಳೆಯ ದಾಖಲೆ ತೆಗೆದು ನೋಡಿದೆ. 5:50, 5:48, 5:52. ಭಾನುವಾರ ಬಿಟ್ಟು ಪ್ರತಿದಿನ. ತೀರಿಕೊಂಡ ಅಕೌಂಟೆಂಟ್ ನಾಲ್ಕು ವರ್ಷ ತಪ್ಪದೆ ಕೆಲಸಕ್ಕೆ ಬಂದಿದ್ದರು.

"ಅಣ್ಣ, ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬರೆದುಕೊಳ್ತಿದ್ರಿ ಸರ್. ಬರೆದ ಮೇಲೆ ನನ್ನ ಕೆಲಸ ಹೋಗ್ತಿತ್ತು."

ಅದು ಸುಳ್ಳಲ್ಲ. ಬೇರೆಯವರ ಕಾರ್ಡು ಕೊಡುವುದು ನನ್ನ ಪುಸ್ತಕದಲ್ಲಿ ದೊಡ್ಡ ತಪ್ಪು, ನಾನು ವರದಿ ಬರೆಯುವವನೇ. ಬೆಂಕಿ ಬಿದ್ದರೆ ಒಳಗೆ ಯಾರಿದ್ದಾರೆ ಎಂದು ಪಟ್ಟಿ ತೆಗೆದಾಗ ಸತ್ತವರ ಹೆಸರು ಬರುತ್ತದೆ, ಇದ್ದವರದು ಬರುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ಆ ನಾಲ್ಕು ವರ್ಷದಲ್ಲಿ ಮಾವಶಿಗೆ ಅವರದೇ ಒಂದು ಕಾರ್ಡು ಮಾಡಿಕೊಡಬೇಕೆಂದು ನಮ್ಮಂಥ ಯಾರಿಗೂ ಹೊಳೆದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇಷ್ಟರಲ್ಲಿ ಇನ್ನೊಂದು ವಿಷಯ ಎದುರಿಗೆ ಬಂತು. ಹೊಸ ವ್ಯವಸ್ಥೆಯಲ್ಲಿ ಎಲ್ಲರೂ ಮೊಬೈಲು ತೋರಿಸಬೇಕು. ಮಾವಶಿಯದು ಗುಂಡಿ ಫೋನು. ಚಹಾ ತರುವ ಹುಡುಗನ ಫೋನಿನ ಗಾಜು ಒಡೆದು ಅರ್ಧ ಪರದೆ ಕಪ್ಪು. ಡಬ್ಬಾವಾಲಾ ಎರಡು ಕೈಯಲ್ಲೂ ಡಬ್ಬಿ ಹಿಡಿದವನು ಫೋನು ಎಲ್ಲಿಂದ ತೆಗೆಯಬೇಕು? ನಾಲ್ಕನೇ ಮಹಡಿಯ ಎಂಬತ್ತರ ಪಾರ್ಸಿ ವಕೀಲರು ತಮ್ಮ ಫೋನು ಮಾತಾಡುವುದಕ್ಕೆ, ಬಾಗಿಲಿಗಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ನನ್ನ ಯೋಜನೆಯ ಹಾಳೆಯಲ್ಲಿ 'ಎಲ್ಲ ಬಳಕೆದಾರರು' ಎಂದು ಬರೆದಿದ್ದೆ. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಐರೋಲಿಯ ನಮ್ಮ ಆಫೀಸಿನ ಹುಡುಗರು.

ಸುಲಭದ ದಾರಿ ಒಂದಿತ್ತು. ಹೊಸ ರೀಡರ್ ಹಳೆಯ 125 ಕಿಲೋಹರ್ಟ್ಸ್ ಕಾರ್ಡನ್ನೂ ಓದಬಲ್ಲದು. ಹಾಗೇ ಬಿಟ್ಟುಬಿಡಬಹುದು. ನನಗೆ ಮನಸ್ಸಾಗಲಿಲ್ಲ. ಆ ಕಾರ್ಡನ್ನು ಅಗ್ಗದ ಸಾಧನವೊಂದರಿಂದ ಕ್ಷಣದಲ್ಲಿ ನಕಲು ಮಾಡಬಹುದು. ಅದನ್ನು ಉಳಿಸಿದರೆ ಮೊಬೈಲಿನ ಭದ್ರತೆ ಎಂದು ಹೇಳಿಕೊಳ್ಳುವುದೆಲ್ಲ ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟ ಹಾಗೆ. ಕೊನೆಗೆ ಫೋನು ಬೇಡದವರಿಗೆ, ಇಲ್ಲದವರಿಗೆ, ಗೂಢಲಿಪಿ ಇರುವ 13.56 ಮೆಗಾಹರ್ಟ್ಸ್‌ನ ಹೊಸ ಕಾರ್ಡು ಕೊಡುವುದು, ಠೇವಣಿ ಇಲ್ಲದೆ, ಮೂರು ತಿಂಗಳ ನಂತರ ಹಳೆಯ ಕಾರ್ಡು ಓದುವುದನ್ನೇ ನಿಲ್ಲಿಸುವುದು ಎಂದಾಯಿತು. ಠೇವಣಿಯ ಮಾತಿಗೆ ಸಮಿತಿಯಲ್ಲಿ ಒಂದು ಗಂಟೆ ಜಗಳ. ಗುತ್ತಿಗೆದಾರರು ಕಡಿತ ಮಾಡಿದ ಎರಡು ದಿನದ ಸಂಬಳ ಮಾತ್ರ ಮಾವಶಿಗೆ ಸಿಗಲೇ ಇಲ್ಲ. ನಾನು ಕೊಡಲು ಹೋದೆ. "ತೂ ಕಶಾಲಾ ದೇತೋಸ್?" ಎಂದು ಕೈ ಹಿಂದಕ್ಕೆ ಸರಿಸಿದರು.

ಅವರ ಕಾರ್ಡಿಗೆ ಫೋಟೋ ತೆಗೆಯಲು ಅಣ್ಣನ ಮೇಜಿನ ಹಿಂದಿನ ಬಿಳಿ ಗೋಡೆಗೆ ನಿಲ್ಲಿಸಿದೆವು. ಪೂರ್ತಿ ಹೆಸರು ಕೇಳಿದೆ. ಅಣ್ಣ ನನ್ನ ಕಡೆ ನೋಡಿದರು. ಇಷ್ಟು ವರ್ಷ ಮಾವಶಿ ಎಂದವರಿಗೂ ಅದು ಗೊತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಎಲ್ಲ ಬಾಗಿಲುಗಳೂ ಮುಗಿದವು. ವಿದ್ಯುತ್ ತೆಗೆದು ಪರೀಕ್ಷೆ ಮಾಡಿದೆವು, ಕಾಂತದ ಬೀಗಗಳು ಬಿಟ್ಟುಕೊಂಡು ಹನ್ನೊಂದೂ ಬಾಗಿಲು ಸಡಿಲವಾದವು. ಬೆಂಕಿಯ ಸಮಯದಲ್ಲಿ ಹಾಗೇ ಆಗಬೇಕು. ಹೊಸ ಬ್ಲೂಟೂತ್‌ಗೆ ಮೊದಲು ಹತ್ತು ಅಡಿ ದೂರ ಇಟ್ಟಿದ್ದೆ. ಒಳಗೆ ಕೂತ ವಕೀಲರ ಜೇಬಿನ ಫೋನಿಗೇ ಬಾಗಿಲು ತೆರೆದುಕೊಳ್ಳುತ್ತಿತ್ತು, ಒಂದು ಗೇಣಿಗೆ ಇಳಿಸಿದೆ.

ಕೊನೆಯ ದಿನ ಅಣ್ಣ ತಮ್ಮ ಹಳೆಯ ಕಾರ್ಡು ತಂದರು. ಸಂಖ್ಯೆ 17. ಮೂಲೆ ಸವೆದು ಫೋಟೋದಲ್ಲಿ ಮೀಸೆ ಮಾತ್ರ ಉಳಿದಿತ್ತು. ಮಾರ್ಚ್ ಅಂತ್ಯಕ್ಕೆ ಅವರಿಗೆ ನಿವೃತ್ತಿ, ಊರಲ್ಲಿ ಮನೆ ಕಟ್ಟಿಸಿದ್ದಾರೆ. ಅವರ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವುದಿಲ್ಲ ಎಂದು ಸಮಿತಿ ಆಗಲೇ ತೀರ್ಮಾನಿಸಿತ್ತು, ನನ್ನ ವರದಿಯ ಮೂರನೆಯ ಪುಟವನ್ನೇ ಆಧಾರ ಮಾಡಿಕೊಂಡು. ಅದು ಅಣ್ಣನಿಗೂ ಗೊತ್ತಿತ್ತು.

"ನಾನು ಹೋದ ಮೇಲೂ ಈ ಹದಿನೇಳು ಇರ್ಲಿ ಸರ್. ಎಂದಾದ್ರೂ ಬಂದ್ರೆ ಒಳಗೆ ಬರ್ಲಿಕ್ಕೆ."

ಆಗುವುದಿಲ್ಲ ಅಣ್ಣ ಅಂದೆ. ಯಾಕೆ ಎಂದು ಅವರೂ ಕೇಳಲಿಲ್ಲ. ಹೊಸ ಕಾರ್ಡಿಗೆ ಅದೇ 17ನೇ ಸಂಖ್ಯೆ ಕೊಟ್ಟು, ಮುಕ್ತಾಯದ ದಿನಾಂಕದ ಮುಂದೆ ಮಾರ್ಚ್ 31 ಎಂದು ಹಾಕಿದೆ. ಹಳೆಯದನ್ನು ಅವರು ಜೇಬಿಗೆ ಹಾಕಿಕೊಂಡರು. ಚಹಾ ಬಂತು, ಕುಡಿದೆವು. ಆರು ಗಂಟೆಯ ಮಳೆಯಲ್ಲಿ ನಾನು ಜಿಪಿಓ ಕಡೆ ನಡೆದೆ.