ಮುನ್ನೂರು ರೂಪಾಯಿಯ ಗೋವಿನಜೋಳ

ಕಳೆದ ಡಿಸೆಂಬರಿನ ಒಂದು ಭಾನುವಾರ ನಾವಿಬ್ಬರು ಬೆಂಗಳೂರಿನಲ್ಲಿದ್ದೆವು. ಡಿಪ್ಲೊಮಾ ಒಟ್ಟಿಗೆ ಓದಿದವರು, ಈಗ ಹಾವೇರಿ ಜಿಲ್ಲೆಯ ಎರಡು ತಾಲ್ಲೂಕುಗಳಿಂದ ಸುದ್ದಿ ಕಳಿಸುವವರು. ಗೆಳೆಯನೊಬ್ಬ ಎರಡು ಪಾಸ್ ಕೊಟ್ಟ. ದೇಶ ವಿದೇಶದ ಬೀದಿ ತಿನಿಸು ಮತ್ತು ಸಂಗೀತದ ಹಬ್ಬವಂತೆ. ಬಸ್ಸು ರಾತ್ರಿಗಿತ್ತು, ಹೋದೆವು.

ಒಳಗೆ ಸಾಲು ಸಾಲು ಅಂಗಡಿ. ವಿಯೆಟ್ನಾಂನ ಬ್ರೆಡ್ಡು, ಜಪಾನಿನ ಆಕ್ಟೋಪಸ್ ಉಂಡೆ. ಲೆಬನಾನ್‌ನ ಫಲಾಫೆಲ್ ತಿಂದರೆ ನಮ್ಮ ಕಡಲೆಬೇಳೆ ವಡೆಯ ತಮ್ಮನಂತಿತ್ತು. ವೇದಿಕೆಯ ಡ್ರಮ್ಮಿನ ಸದ್ದಿಗೆ ಎದೆ ನಡುಗುತ್ತಿತ್ತು. ಬೇಕಾದದ್ದನ್ನು ಬೆರಳು ತೋರಿಸಿಯೇ ಕೇಳಬೇಕು.

ಮೆಕ್ಸಿಕೋದ ಟ್ಯಾಕೋ ಅಂಗಡಿಯಲ್ಲಿ ಅಂಗೈಯಗಲದ ಮೂರು ರೊಟ್ಟಿ, ಮೇಲೆ ಪಲ್ಯ. 300 ರೂಪಾಯಿ. ಬಾಯಿಗಿಟ್ಟ ಕೂಡಲೇ ಇಬ್ಬರೂ ಮುಖ ನೋಡಿಕೊಂಡೆವು. ಇದು ಗೋವಿನಜೋಳ!

ನಮ್ಮಲ್ಲೊಬ್ಬರ ಮನೆಯಲ್ಲಿ ಅದೇ ಜೋಳದ 40 ಚೀಲ ಬಿದ್ದಿದ್ದವು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ವ್ಯಾಪಾರಿ ಕೇಳಿದ್ದು 1,700. ಬೆಲೆಗಾಗಿ ರೈತರು ರಸ್ತೆಗಿಳಿದ ಸುದ್ದಿಯನ್ನು ನವೆಂಬರಿನಲ್ಲಿ ನಾವೇ ಬರೆದಿದ್ದೆವು. ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. ಮೂರು ರೊಟ್ಟಿಗೆ ಹೆಚ್ಚೆಂದರೆ 100 ಗ್ರಾಂ ಜೋಳ. ನಮ್ಮ ದರದಲ್ಲಿ ಎರಡು ರೂಪಾಯಿಯೂ ಆಗಲಿಲ್ಲ.

ನಾಲ್ಕು ಗಂಟೆಗೆ ಹಾಡು ನಿಂತಿತು. ಆಗ ಅಡುಗೆಯ ಹುಡುಗನನ್ನು ಮಾತಾಡಿಸಿದೆವು. "ಹಿಟ್ಟು ಹೊರದೇಶದ್ದು ಸರ್, ಬಿಳಿ ಜೋಳದ್ದು, ಪ್ಯಾಕೆಟಲ್ಲಿ ಬರುತ್ತೆ. 300ರಲ್ಲಿ ಅರ್ಧ ಸ್ಟಾಲ್ ಬಾಡಿಗೆಗೇ ಹೋಗುತ್ತೆ" ಎಂದ. ಅವನ ಮೇಲಿದ್ದ ಸಿಟ್ಟು ಇಳಿಯಿತು.

ಅವನೇ ಇನ್ನೊಂದು ಹೇಳಿದ. ಅಲ್ಲಿಯವರು ಒಣ ಜೋಳವನ್ನು ಹಾಗೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ, ತೊಳೆದು ರುಬ್ಬುತ್ತಾರೆ. ಊರಿಗೆ ಬಂದು ಓದಿದೆವು. ಮೆಕ್ಸಿಕೋ ಈ ಜೋಳದ ತವರು. ನಮ್ಮ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಯ ಮೂಲವೂ ಆ ಕಡೆಯದೇ. ಸುಣ್ಣದಲ್ಲಿ ಬೇಯಿಸಿದರೆ ಜೋಳದೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಕಾಳು ಯುರೋಪಿಗೆ ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಬರೀ ಜೋಳವನ್ನೇ ಉಂಡ ಬಡವರಿಗೆ ಪೆಲಾಗ್ರಾ ಎಂಬ ಕಾಯಿಲೆ ಹತ್ತಿತು.

ನಾವು ಬೀಜ ತಂದೆವು, ಗೊಬ್ಬರ ತಂದೆವು. ಆದರೆ ಉಣ್ಣುವುದನ್ನು ಕಲಿಯಲಿಲ್ಲ. ಬೆಳೆದದ್ದರಲ್ಲಿ ದೊಡ್ಡ ಪಾಲು ಕೋಳಿ ಆಹಾರಕ್ಕೆ. ಅದಕ್ಕೇ ವ್ಯಾಪಾರಿ ಹೇಳಿದ್ದೇ ದರ.

ವಿಷಯ ಕೇಳಿ ಅವ್ವ ನಕ್ಕಳು. "ಕೋಳಿಗೆ ಹಾಕೋದನ್ನ ತಿಂದ್ ಬರಾಕ ಬೆಂಗಳೂರಿಗೆ ಹೋಗಿದ್ರೇನು?" ಆದರೂ ಒಂದು ಕಿಲೋ ತೆಗೆದು, ಎಲೆಗೆ ಹಚ್ಚುವ ಸುಣ್ಣ ಒಂದು ಚಮಚ ಕದಡಿ ಕುದಿಸಿದಳು. ಮರುದಿನ ತೊಳೆದು ರುಬ್ಬಿ ತಟ್ಟಿದಳು. ಮೊದಲ ಎರಡು ರೊಟ್ಟಿ ಹರಿದವು. ಮೂರನೆಯದು ಹಂಚಿನ ಮೇಲೆ ಉಬ್ಬಿತು. ಬದನೆಕಾಯಿ ಪಲ್ಯದ ಜೊತೆ ಉಂಡೆವು, ನಾಲ್ಕು ಜನಕ್ಕೂ ಸಾಕಾಯಿತು.

ಇದರಿಂದ ಸಾಲ ತೀರಲಿಲ್ಲ. ಮುಂದಿನ ವಾರ ಚೀಲಗಳು 1,720ಕ್ಕೇ ಹೋದವು. ಲಾರಿಗೆ ಹೇರುವಾಗ ಎಣಿಸಿದರೆ 39 ಇದ್ದವು. ಒಂದು ಚೀಲವನ್ನು ಅವ್ವ ಕೊಟ್ಟಿರಲಿಲ್ಲ.